ಗಾಯಗೊಂಡವರ ನಡಿಗೆ

ಇಂಗ್ಲೆಂಡಿನ ಪೂರ್ವ ಕರಾವಳಿಗೆ ಸಮೀಪದಲ್ಲಿ, ಹಂಬರ್ ನದೀಮುಖದ ದಂಡೆಯ ಮೇಲೆ, ಹಲ್ ಎಂಬ ಬಂದರು ನಗರವಿದೆ. ಅಲ್ಲಿನ ಬೆವರ್ಲಿ ರಸ್ತೆಯಲ್ಲಿ ಹಿಂದೊಮ್ಮೆ ಪೀಠೋಪಕರಣಗಳ ಅಂಗಡಿಯೊಂದಿತ್ತು. ಶಯನಗೃಹಕ್ಕೆ ಬೇಕಾದುದೆಲ್ಲವೂ ಇಲ್ಲಿ ದೊರೆಯುತ್ತದೆ, ಹುಡುಗಿಯೊಬ್ಬಳನ್ನುಳಿದು ಎಂಬ ಅರ್ಥದ ತುಂಟ ಜಾಹೀರಾತು ಆ ಅಂಗಡಿಯದು. 1981ರಲ್ಲಿ ಹಲ್ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಟ್ರೇಸಿ ಥಾರ್ನ್ ಮತ್ತು ಬೆನ್ ವಾಟ್ ಎಂಬಿಬ್ಬರು ವಿದ್ಯಾರ್ಥಿಗಳು ತಮ್ಮ ಗಾಯನಜೋಡಿಗೆ ಈ ಜಾಹೀರಾತಿನ ಬಾಲವನ್ನೇ ಹೆಸರಾಗಿ ಇಟ್ಟುಕೊಂಡರು: 'ಎವೆರಿಥಿಂಗ್ ಬಟ್ ದ ಗರ್ಲ್'. ಅಚ್ಚರಿಯ ಸಂಗತಿಯೆಂದರೆ, ಪರಸ್ಪರ ಭೇಟಿಯಾಗುವ ಮೊದಲೇ ಇಬ್ಬರೂ ಲಂಡನ್ನಿನ ಚೆರ್ರಿ ರೆಡ್ ಎಂಬ ಒಂದೇ ಸಣ್ಣ ಸಂಸ್ಥೆಯೊಡನೆ ಬೇರೆಬೇರೆಯಾಗಿ ಒಪ್ಪಂದ ಮಾಡಿಕೊಂಡಿದ್ದರು. ಹಾಡಿನಲ್ಲಿ ಜೊತೆಯಾದವರು ಬಾಳಿನಲ್ಲೂ ಜೊತೆಯಾದರು.

ಆ ದಿನಗಳಲ್ಲಿ ನಾನು ಯಾರ್ಕ್‌ಷೈರಿನ ಆಸ್ಪತ್ರೆಯೊಂದರಲ್ಲಿ ಕಿರಿಯ ವೈದ್ಯನಾಗಿದ್ದೆ. ಬೆಂಗಳೂರಿನಿಂದ ತಂದಿದ್ದ ಭಾವಗೀತೆಗಳ ಧ್ವನಿಸುರುಳಿಗಳು ಸವೆಯತೊಡಗಿದ್ದ ಹೊತ್ತಿನಲ್ಲಿ, 1984ರಲ್ಲಿ ಹೊರಬಂದ ಇವರ ಮೊದಲ ಗೀತಸಂಪುಟ 'ಈಡನ್' ನನ್ನ ಕೈಗೆ ಬಂತು. ಮೆಲುವಾದ ಗಿಟಾರು, ಬ್ರೆಜಿಲ್ ದೇಶದ ಬೋಸಾನೋವಾ ಲಯ, ಅಲ್ಲಲ್ಲಿ ಜಾಝ್ ಸಂಗೀತದ ತುತ್ತೂರಿ. ಇವೆಲ್ಲದರ ನಡುವೆ ಥಾರ್ನ್ ಅವರ ಮಂದ್ರದ ಕಂಠ. ಕೂಗದ, ಕುಣಿಯದ, ಕೇಳುಗನನ್ನು ಮೆಚ್ಚಿಸಲು ಹವಣಿಸದ ಕಂಠವದು. ರಾತ್ರಿಪಾಳಿ ಮುಗಿಸಿ ಮರಳಿದವನಿಗೆ ಅಂಥ ಸಂಗೀತವೇ ಹಿತ. ಮುಂದೆ 1986ರಲ್ಲಿ ಅವರು ದೊಡ್ಡ ವಾದ್ಯವೃಂದವನ್ನು ಕಟ್ಟಿಕೊಂಡು ಹಾಡಿದರು. 1990ರಲ್ಲಿ ಅಮೆರಿಕದ ನಿರ್ಮಾಪಕ ಟಾಮಿ ಲಿಪೂಮಾ ಅವರ ಕೈಕೆಳಗೆ, ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಸ್ ಅವರಂಥ ದಿಗ್ಗಜರನ್ನು ಜೊತೆಗಿರಿಸಿಕೊಂಡು ಹಾಡಿದರು. ಉಡುಗೆ ಬದಲಾಯಿತೇ ಹೊರತು ಮೈ ಬದಲಾಗಲಿಲ್ಲ. ನಿಜ ಹೇಳಬೇಕೆಂದರೆ ತೊಂಬತ್ತರ ದಶಕ ಕಾಲಿಡುವ ವೇಳೆಗೆ ಆ ಸಂಗೀತಕ್ಕೆ ತುಸು ಜಡತ್ವವೇ ಹಿಡಿದಿತ್ತು.

1992ರ ಬೇಸಿಗೆಯಲ್ಲಿ ಬೆನ್ ವಾಟ್ ಲಂಡನ್ನಿನ ಆಸ್ಪತ್ರೆ ಸೇರಿದರು. ರೋಗದ ಹೆಸರು ಚರ್ಗ್–ಸ್ಟ್ರಾಸ್. 1951ರಲ್ಲಿ ಇದನ್ನು ವಿವರಿಸಿದ ಇಬ್ಬರು ರೋಗವಿಜ್ಞಾನಿಗಳ ಹೆಸರಿನಿಂದ ಬಹುಕಾಲ ಪರಿಚಿತವಾಗಿದ್ದ ಈ ವ್ಯಾಧಿಯಲ್ಲಿ, ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದೇಹದ ಮೇಲೆ ತಿರುಗಿಬೀಳುತ್ತದೆ. ಸಣ್ಣ ರಕ್ತನಾಳಗಳು ಉರಿಯೂತದಿಂದ ಕಟ್ಟಿಕೊಂಡು, ರಕ್ತ ಹರಿಯದೆಡೆಯಲ್ಲಿ ಅಂಗಾಂಶ ಸಾಯುತ್ತದೆ. ವಾಟ್ ಅವರಲ್ಲಿ ಹಾಗೆ ಸತ್ತದ್ದು ಸಣ್ಣ ಕರುಳು. ಶಸ್ತ್ರವೈದ್ಯರು ಅದರ ಬಹುಭಾಗವನ್ನು ಕತ್ತರಿಸಿ ತೆಗೆದರು. ಮೂವತ್ತು ತುಂಬದ ಆ ತರುಣ ಹಲವು ವಾರಗಳ ಕಾಲ ಸಾವಿನ ಹೊಸ್ತಿಲಿನಲ್ಲಿದ್ದು ಹಿಂದಿರುಗಿದರು. ಊಟವೆಂಬುದು ಜೀವಮಾನವಿಡೀ ಲೆಕ್ಕಾಚಾರವಾಯಿತು. ಇದನ್ನೆಲ್ಲ ಅವರು 'ಪೇಷೆಂಟ್' ಎಂಬ ಪುಸ್ತಕದಲ್ಲಿ ಬರೆದಿದ್ದಾರೆ. 1996ರಲ್ಲಿ ಪ್ರಕಟವಾದ ಆ ಪುಸ್ತಕವನ್ನು ನಾನು ತರುಣ ವೈದ್ಯರಿಗೆ ಓದಲು ಹೇಳುತ್ತಿದ್ದೆ. ಹಾಸಿಗೆಯ ಮೇಲೆ ಮಲಗಿದವನಿಗೆ ನಾವು ಹೇಗೆ ಕಾಣುತ್ತೇವೆಂದು ತಿಳಿಯಲಿ ಎಂದು.

ಚೇತರಿಸಿಕೊಂಡ ಮೇಲೆ 1994ರಲ್ಲಿ ಅವರು 'ಆಂಪ್ಲಿಫೈಡ್ ಹಾರ್ಟ್' ಹೊರತಂದರು. ಒಪ್ಪವಾದ, ಸರಳವಾದ ಸಂಪುಟ. ಅದರಲ್ಲಿ 'ಮಿಸ್ಸಿಂಗ್' ಎಂಬುದೊಂದು ಹಾಡು: ಎಂದೋ ಊರು ಬಿಟ್ಟುಹೋದ ಒಬ್ಬರ ಹಳೆಯ ಮನೆಯ ಮುಂದೆ ನಿಂತು, ಅವರಿಲ್ಲವೆಂದು ಬಲ್ಲವಳಾಗಿಯೂ ನೆನೆಯುವವಳ ಹಾಡು. ಮಲ್ಲೇಶ್ವರದಲ್ಲೋ ಮೈಸೂರಿನಲ್ಲೋ ಬಾಲ್ಯದ ಮನೆಯ ಮುಂದೆ ಆಟೋ ನಿಲ್ಲಿಸಿ, ಬದಲಾದ ಗೇಟನ್ನು ನೋಡಿ ಬಂದ ನಮ್ಮವರಿಗೆ ಅದು ಪರಕೀಯವೆನಿಸದು. ಆದರೆ ಹಾಡು ಬಂದಾಗ ಹೆಚ್ಚು ಸದ್ದಾಗಲಿಲ್ಲ. ಬ್ರಿಟನ್ನಿನ ಧ್ವನಿಮುದ್ರಣ ಸಂಸ್ಥೆ ಈ ಜೋಡಿಯನ್ನು ಕೈಬಿಟ್ಟಿತು.

ಅಷ್ಟರಲ್ಲಿ ಎರಡು ಘಟನೆಗಳು ನಡೆದಿದ್ದವು. ಬ್ರಿಸ್ಟಲ್ ನಗರದ ಮ್ಯಾಸಿವ್ ಅಟ್ಯಾಕ್ ತಂಡದ 1994ರ ಸಂಪುಟ 'ಪ್ರೊಟೆಕ್ಷನ್'ನಲ್ಲಿ, ಆ ತಂಡದವರ ನಿಧಾನ, ವಿರಳ ವಾದ್ಯಸಂಯೋಜನೆಗೆ ಥಾರ್ನ್ ತಾವೇ ಸಾಹಿತ್ಯ ರಚಿಸಿ ಹಾಡಿದ್ದರು. ಇತ್ತ ಟಾಡ್ ಟೆರಿ ಎಂಬ ನ್ಯೂಯಾರ್ಕಿನ ನೃತ್ಯಸಂಗೀತ ಸಂಯೋಜಕರು 'ಮಿಸ್ಸಿಂಗ್' ಹಾಡಿನ ಕಂಠವನ್ನು ಹಾಗೆಯೇ ಉಳಿಸಿ, ಅಡಿಯಲ್ಲಿ ಪ್ರತಿ ಎಣಿಕೆಗೂ ಒಂದು ದಪ್ಪ ಬಡಿತವನ್ನಿಟ್ಟು ಹೊಸ ರೂಪ ಕೊಟ್ಟರು. ಆ ರೀಮಿಕ್ಸ್ ನೃತ್ಯಶಾಲೆಗಳಿಂದ ರೇಡಿಯೊಗೆ ಹಬ್ಬಿತು. ಬ್ರಿಟನ್ನಿನ ಪಟ್ಟಿಯಲ್ಲಿ 3ನೆಯ ಸ್ಥಾನ. 1996ರ ಆರಂಭದಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೆಯ ಸ್ಥಾನ. ಅಲ್ಲಿ ಅದು 55 ವಾರ ಉಳಿದುದು ಆಗಿನ ದಾಖಲೆ. ಕೈಬಿಟ್ಟ ಸಂಸ್ಥೆಯವರು ಏನೆಂದುಕೊಂಡರೋ!

ಹೀಗೆ ವರ್ಜಿನ್ ಸಂಸ್ಥೆಯಿಂದ 1996ರ ಮೇ ತಿಂಗಳಲ್ಲಿ ಬಂದುದು 'ವಾಕಿಂಗ್ ವೂಂಡೆಡ್'. ಯುದ್ಧವೈದ್ಯಕೀಯದ ಮಾತಿದು: ಗಾಯಗೊಂಡಿದ್ದರೂ ಸ್ಟ್ರೆಚರ್ ಬೇಡದೆ, ತನ್ನ ಕಾಲ ಮೇಲೆ ತಾನೇ ನಡೆದುಬರಬಲ್ಲವನು. ಹಾಡಿನಲ್ಲಿ ಅದು ಮುರಿದ ಪ್ರೇಮಕ್ಕೆ ಸಂಬಂಧಿಸಿದ್ದು. ಆದರೆ ಹಾಡುಗಾರರ ಕಥೆ ಬಲ್ಲವರಿಗೆ ಆ ಶೀರ್ಷಿಕೆ ಬೇರೆಯದನ್ನೂ ಹೇಳುತ್ತದೆ.

ಈ ಸಂಪುಟದಲ್ಲಿ ಹಳೆಯ ಗಿಟಾರು ಹಿಂದೆ ಸರಿದು ಗಣಕಯಂತ್ರ, ಸ್ಯಾಂಪ್ಲರ್ ಮುಂದೆ ಬಂದಿವೆ. ಆಗ ಲಂಡನ್ನಿನ ಎಳೆಯರಲ್ಲಿ ಜಂಗಲ್ ಎಂದೂ ಡ್ರಮ್ ಅಂಡ್ ಬೇಸ್ ಎಂದೂ ಕರೆಸಿಕೊಳ್ಳುತ್ತಿದ್ದ ಸಂಗೀತ ಅನೇಕ ಹಾಡುಗಳ ತಳಪಾಯ. ಹಳೆಯ ಫಂಕ್ ಮುದ್ರಿಕೆಗಳಿಂದ ಕೆಲವೇ ಕ್ಷಣಗಳ ಡ್ರಮ್ ವಾದನವನ್ನು ಎತ್ತಿ, ತುಂಡರಿಸಿ, ವೇಗ ಹೆಚ್ಚಿಸಿ ಜೋಡಿಸುವ ಕ್ರಮವದು. ನಿಮಿಷಕ್ಕೆ 160ರಿಂದ 175 ಎಣಿಕೆ ಓಡುತ್ತದೆ. ಅದರಡಿಯಲ್ಲಿ ತಗ್ಗುಸ್ವರದ ಬೇಸ್ ಮಾತ್ರ ಅರ್ಧ ವೇಗದಲ್ಲಿ ಸಾಗುತ್ತದೆ. ನಮ್ಮ ಸಂಗೀತ ಪಾಠದಲ್ಲಿ ಒಂದೇ ಸರಳೆವರಸೆಯನ್ನು ಮೊದಲ ಕಾಲ, ಎರಡನೆಯ ಕಾಲಗಳಲ್ಲಿ ಹಾಡಿಸುವುದು ವಾಚಕರಿಗೆ ನೆನಪಿರಬಹುದು. ಆ ಎರಡು ಕಾಲಗಳನ್ನೂ ಒಮ್ಮೆಗೇ ಕೇಳಿದಂತೆ. ಥಾರ್ನ್ ಹಾಡುವುದು ಮೊದಲ ಕಾಲದಲ್ಲಿ. ಸುತ್ತಲೂ ಡ್ರಮ್ಮುಗಳು ಜಡಿಮಳೆಯಂತೆ ಸುರಿಯುತ್ತಿರುವಾಗ ಆಕೆಯ ದನಿಗೆ ಎಳ್ಳಷ್ಟೂ ಆತುರವಿಲ್ಲ.

ಇದನ್ನು ನಾನು ಮೊದಲು ಗ್ರಹಿಸಲಿಲ್ಲ. ಹಳೆಯ ಪ್ರೀತಿಯಿಂದ ಧ್ವನಿಸುರುಳಿ ಕೊಂಡು ಕಾರಿನಲ್ಲಿ ಹಾಕಿದವನು ಎರಡನೆಯ ಹಾಡಿಗೇ ತೆಗೆದುಬಿಟ್ಟೆ. ವಂಚಿತನಾದೆನೆಂಬ ಭಾವ. ಹಿಂದಿನ ಆಸನದಲ್ಲಿದ್ದ ಹದಿನಾಲ್ಕು ವರ್ಷದ ಮಗಳು, 'ಅಪ್ಪ, ಡ್ರಮ್ ಬಿಟ್ಟುಬಿಡು, ಅವಳು ಹಾಡೋದು ಕೇಳು. ಅವಳು ಮೊದಲಿನ ಹಾಗೇ ಹಾಡ್ತಾ ಇದ್ದಾಳೆ' ಎಂದಳು. ಮತ್ತೆ ಹಾಕಿದೆ. ದೂರದ ಊರಿನಿಂದ ಮನೆಗೆ ದೂರವಾಣಿ ಮಾಡುತ್ತ, ಒಂಟಿಯಾಗಿಯೇ ತಾನು ಹೆಚ್ಚು ತಾನಾಗಿರುವೆನೋ ಎಂದು ಶಂಕಿಸುವ ಹೆಣ್ಣಿನ 'ಸಿಂಗಲ್' ಎಂಬ ಹಾಡಿನ ಹೊತ್ತಿಗೆ ನನ್ನ ವಾದವೆಲ್ಲ ಉಡುಗಿತ್ತು.

ಫ್ಯಾಷನ್ನಿನ ಬೆನ್ನು ಹತ್ತಿದರೆಂಬ ಆಕ್ಷೇಪ ಅಂದೂ ಇತ್ತು. ಡೇವಿಡ್ ಬೋವಿಯಂಥವರೂ 1997ರ 'ಅರ್ಥ್‌ಲಿಂಗ್'ನಲ್ಲಿ ಇದೇ ಲಯಗಳತ್ತ ಹೊರಳಿದರೆಂಬುದನ್ನು ನೆನೆದರೆ ಆಕ್ಷೇಪ ಅಸಹಜವಲ್ಲ. ನನ್ನ ಅಭಿಪ್ರಾಯ ಬೇರೆ. ಹಿಂದಿನ ಸಂಪುಟಗಳಲ್ಲಿ ಮೃದು ಕಂಠಕ್ಕೆ ಮೃದು ವಾದ್ಯವೇ ಜೊತೆಯಾಗಿ, ಅದರ ನಿಶ್ಚಲತೆ ಕಿವಿಗೆ ಬೀಳುತ್ತಲೇ ಇರಲಿಲ್ಲ. ಓಡುವ ಲಯದ ಮೇಲಿಟ್ಟಾಗಲೇ ಅದು ಕಂಡದ್ದು. ಇದನ್ನು ಕಂಡುಹಿಡಿದವರು ಅವರೊಬ್ಬರೇ ಅಲ್ಲ ಎಂಬುದೂ ನಿಜ: ಟಾಡ್ ಟೆರಿ ಅವರು ಮೊದಲು ತೋರಿಸಿದರು, ಶೀರ್ಷಿಕೆಯ ಹಾಡಿಗೆ ಸ್ಪ್ರಿಂಗ್ ಹೀಲ್ ಜ್ಯಾಕ್ ಎಂಬ ಜೋಡಿ ಕೈಗೂಡಿಸಿತು. ಕುಂದೂ ಇದೆ. ಕೊನೆಗೆ ಸೇರಿಸಿದ ರೀಮಿಕ್ಸುಗಳು ಊಟವಾದ ಮೇಲೆ ಮತ್ತೆ ಬಡಿಸಿದ ಸಾರಿನಂತೆ. ಆದರೂ ಸಂಪುಟ ಬ್ರಿಟನ್ನಿನಲ್ಲಿ 4ನೆಯ ಸ್ಥಾನಕ್ಕೇರಿತು.

1999ರಲ್ಲಿ 'ಟೆಂಪೆರಮೆಂಟಲ್' ಬಂತು; 2000ದಲ್ಲಿ ಅವರು ಜೊತೆಯಾಗಿ ಹಾಡುವುದನ್ನು ನಿಲ್ಲಿಸಿದರು. ಆ ವೇಳೆಗೆ ಅವಳಿ ಹೆಣ್ಣುಮಕ್ಕಳಾಗಿದ್ದವು. ಥಾರ್ನ್ ಮನೆಯಲ್ಲುಳಿದು, ಮುಂದೆ ಒಬ್ಬರೇ ಹಾಡಿದರು, ಆತ್ಮಕಥೆ ಬರೆದರು. ವಾಟ್ ನೃತ್ಯಶಾಲೆಗಳಲ್ಲಿ ಮುದ್ರಿಕೆ ನುಡಿಸುವ ಡಿಜೆಯಾದರು. ಇಪ್ಪತ್ತನಾಲ್ಕು ವರ್ಷಗಳ ತರುವಾಯ, 2023ರ ಏಪ್ರಿಲಿನಲ್ಲಿ, 'ಫ್ಯೂಸ್' ಎಂಬ ಹೊಸ ಸಂಪುಟ ಹೊರಬಂತು. ಬೇರೆ ಊರಿನಲ್ಲಿ ನೆಲೆಸಿರುವ ಮಗಳು ಅದನ್ನು ಫೋನಿಗೆ ಕಳುಹಿಸಿ, ಜೊತೆಗೆ ಏನೂ ಬರೆದಿರಲಿಲ್ಲ. ಅರವತ್ತು ದಾಟಿದ ಆ ಕಂಠ ಇನ್ನಷ್ಟು ಕೆಳಕ್ಕಿಳಿದಿದೆ. ಈ ಸಲ ನಾನು ಅರ್ಧಕ್ಕೆ ನಿಲ್ಲಿಸಲಿಲ್ಲ.