ಅಂಡವನ್ನು ಎಬ್ಬಿಸೋದು ಯಾರು?

ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವಳು ನಾನು. ಮದುವೆಯಾಗಿ ಮೂರು ವರ್ಷ. ವಾರಕ್ಕೊಮ್ಮೆಯಾದ್ರೂ ಯಾರೋ ಒಬ್ಬ ಆಂಟಿ ಕೇಳ್ತಾರೆ, "ಏನಮ್ಮಾ, ವಿಶೇಷ ಏನೂ ಇಲ್ವಾ?" ನನ್ನ ಗಂಡನನ್ನು ಯಾರೂ ಕೇಳಿಲ್ಲ! ಅಂಡದ ಕಥೆ ಗೊತ್ತಿದ್ದರೆ ಇಬ್ಬರನ್ನೂ ಕೇಳ್ತಿದ್ರೇನೋ.

ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಅಂಡಕೋಶಗಳಿರುತ್ತವೆ. ಎಲ್ಲವೂ ಕೋಶ ವಿಭಜನೆ ಶುರು ಮಾಡಿ ಅರ್ಧಕ್ಕೇ ನಿಂತಿರುತ್ತವೆ, ವರ್ಷಗಟ್ಟಲೆ. ತಿಂಗಳಿಗೊಮ್ಮೆ ಬಲಿತು ಹೊರಬರುವ ಅಂಡ ಇನ್ನೊಂದು ಹೆಜ್ಜೆ ಇಟ್ಟು ಮತ್ತೆ ನಿಲ್ಲುತ್ತದೆ. ಎಮಿ2 ಎಂಬ ಪ್ರೋಟೀನ್ ಬ್ರೇಕ್ ಹಾಕಿರುತ್ತದೆ.

ಆ ಬ್ರೇಕ್ ತೆಗೆಯೋದು ವೀರ್ಯಾಣು. ಅದು ತರುವ ಪಿಎಲ್‌ಸಿ ಝೀಟಾ ಎಂಬ ಪ್ರೋಟೀನ್‌ನಿಂದ ಅಂಡದೊಳಗೆ ಗಂಟೆಗಟ್ಟಲೆ ಕ್ಯಾಲ್ಸಿಯಂ ಅಲೆಗಳು ಏಳುತ್ತವೆ. ಎಮಿ2 ನಾಶವಾಗಿ, ನಿಂತಿದ್ದ ವಿಭಜನೆ ಮುಗಿಯುತ್ತದೆ. ಭ್ರೂಣದ ಬೆಳವಣಿಗೆ ಆಮೇಲಿನದು.

ಈ ಪ್ರೋಟೀನ್ ಕೊರತೆಯಿದ್ದರೆ, ಇಕ್ಸಿ ಚಿಕಿತ್ಸೆಯಲ್ಲಿ ವೀರ್ಯಾಣುವನ್ನು ಸೂಜಿಯಿಂದ ಒಳಗೆ ಬಿಟ್ಟರೂ ಅಂಡ ಏಳದೇ ಇರಬಹುದು. ಅಂಥ ಕೆಲವರಿಗೆ ಲ್ಯಾಬ್‌ನಲ್ಲಿ ಅಂಡದ ಕ್ಯಾಲ್ಸಿಯಂ ಏರಿಸುವ ರಾಸಾಯನಿಕ ಬಳಸುತ್ತಾರೆ. ಈ ತೊಂದರೆ ಅಪರೂಪ, ನಿಜ. ಆದರೆ ಮಕ್ಕಳಾಗದಿರಲು ಗಂಡಿನ ಕಡೆಯ ಕಾರಣ ಇರೋದು ಅಪರೂಪವೇನಲ್ಲ.

ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಇಬ್ಬರೂ ಒಟ್ಟಿಗೆ ಡಾಕ್ಟರ್ ಹತ್ತಿರ ಹೋಗಿ. ವೀರ್ಯ ಪರೀಕ್ಷೆ ಸುಲಭ. ಅದನ್ನು ಕೊನೆಗೆ ಉಳಿಸಬೇಡಿ, ಮೊದಲೇ ಮಾಡಿಸಿ.