ಸೆಕೆಯ ಊರಿನಲ್ಲಿ ಆಫೀಸು ಹೇಗಿರಬೇಕು?

ಕಾಮರ್ಸು ಓದುವ ನಾವೆಲ್ಲ ಮುಂದೆ ಏನಾಗುತ್ತೇವೆ? ಕೆಲವರು ಬ್ಯಾಂಕು ಸೇರುತ್ತಾರೆ, ಕೆಲವರು ಆಡಿಟರ ಆಫೀಸು, ಅದೃಷ್ಟ ಇದ್ದವರು ಸರಕಾರಿ ನೌಕರಿ. ಯಾವುದೇ ಆಗಲಿ, ದಿನಕ್ಕೆ ಎಂಟು ಗಂಟೆಯಂತೆ ಮೂವತ್ತು ವರ್ಷ ಒಂದು ಕೋಣೆಯೊಳಗೆ ಕೂರುವುದಂತೂ ಖಂಡಿತ. ಸಂಬಳ ಎಷ್ಟು, ಬಡ್ತಿ ಯಾವಾಗ ಅಂತ ಎಲ್ಲರೂ ವಿಚಾರಿಸುತ್ತೇವೆ. ಆ ಕೋಣೆಯ ಗಾಳಿ ಹೇಗಿದೆ ಅಂತ ಕೇಳುವವರು ಕಡಿಮೆ.

ಈಗ ಕೇಳಬೇಕಾದ ಕಾಲ ಬಂದಿದೆ. ಕಾಸರಗೋಡಿನ ನಮಗೆ ರಾಜಧಾನಿಯಾದ ತಿರುವನಂತಪುರದ ದಕ್ಷಿಣಕ್ಕೆ, ವಿಳಿಂಜಂನಲ್ಲಿ, ದೊಡ್ಡ ಬಂದರು ಎದ್ದಿದೆ. 2024ರ ಜುಲೈಯಲ್ಲಿ ಮೊದಲ ದೊಡ್ಡ ಕಂಟೈನರ್ ಹಡಗು ಬಂತು; 2025ರ ಮೇ 2ರಂದು ಬಂದರಿನ ಉದ್ಘಾಟನೆಯಾಯಿತು. ಬಂದರು ಅಂದರೆ ಬರೀ ಹಡಗು, ಕ್ರೇನು ಅಲ್ಲ. ಅದರ ಬೆನ್ನಿಗೆ ಹಡಗಿನ ಏಜೆಂಟರು, ಕಸ್ಟಮ್ಸ್ ಕೆಲಸದವರು, ವಿಮೆಯವರು, ಬ್ಯಾಂಕಿನವರು ಎಲ್ಲರಿಗೂ ಆಫೀಸು ಬೇಕು. ಅಂಥ ಆಫೀಸು ಹೇಗಿರಬೇಕು ಅನ್ನುವುದೇ ಇಲ್ಲಿನ ವಿಷಯ.

ಇವತ್ತು ಆಫೀಸು ಅಂದಕೂಡಲೇ ಕಣ್ಣಿಗೆ ಬರುವುದು ಗಾಜಿನ ಪೆಟ್ಟಿಗೆ. ಚಳಿ ದೇಶದಲ್ಲಿ ಗಾಜಿಗೆ ಅರ್ಥ ಉಂಟು. ಬಿಸಿಲನ್ನು ಒಳಗೆ ಬಿಟ್ಟು ಶಾಖವನ್ನು ಹಿಡಿದಿಡುತ್ತದೆ. ನಮ್ಮ ಕರಾವಳಿಯ ಸೆಕೆಗೆ ಅದೇ ಗುಣ ಶತ್ರು. ಮೊದಲು ಬಿಸಿಲನ್ನು ಒಳಗೆ ಕರೆಯುವುದು, ಆಮೇಲೆ ಕರೆಂಟು ಸುರಿದು ಹೊರಗೆ ಹಾಕುವುದು! ಅಷ್ಟೇ ಅಲ್ಲ, ನಾವು ಮಾಮೂಲಾಗಿ ನೋಡುವ ಸ್ಪ್ಲಿಟ್ ಏಸಿ ಹೊರಗಿನ ಗಾಳಿಯನ್ನು ತರುವುದಿಲ್ಲ. ಇದ್ದ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಂಪು ಮಾಡುತ್ತದೆ. ಇಪ್ಪತ್ತು ಜನ ಬಿಟ್ಟ ಉಸಿರನ್ನೇ ಇಪ್ಪತ್ತು ಜನ ಎಳೆದುಕೊಳ್ಳಬೇಕು. ತಲೆನೋವು, ಕಣ್ಣುರಿ, ತೂಕಡಿಕೆ, ಮನೆಗೆ ಹೋದರೆ ಸರಿಯಾಗುವುದು: ಇದನ್ನು 1980ರ ದಶಕದಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿತ್ತು. ‘ಸಿಕ್ ಬಿಲ್ಡಿಂಗ್ ಸಿಂಡ್ರೋಮ್’ ಅಂತ ಹೆಸರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು 24 ಜನ ನೌಕರರನ್ನು ಬೇರೆ ಬೇರೆ ದಿನ ಬೇರೆ ಬೇರೆ ಗಾಳಿಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಳ್ಳೆ ಗಾಳಿಯ ದಿನಗಳಲ್ಲಿ ಯೋಚನಾಶಕ್ತಿಯ ಅಂಕ ಸರಾಸರಿ ಶೇಕಡಾ 61ರಷ್ಟು ಹೆಚ್ಚಿತ್ತು. ಎಂದ ಮೇಲೆ ಕೆಟ್ಟ ಗಾಳಿಯಿಂದ ಯಜಮಾನನಿಗೂ ನಷ್ಟವೇ.

ಹಾಗಾದರೆ ಬೇರೆ ದಾರಿ ಇದೆಯೇ? ಇದೆ, ಅದೂ ವಿಳಿಂಜಂಗೆ ಹತ್ತಿರದಲ್ಲೇ. ತಿರುವನಂತಪುರದ ಉಳ್ಳೂರಿನಲ್ಲಿ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಎಂಬ ಸಂಸ್ಥೆ ಇದೆ. ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್ ಅವರು, ಆಗಿನ ಮುಖ್ಯಮಂತ್ರಿ ಅಚ್ಯುತ ಮೆನನ್ ಅವರ ಬೆಂಬಲದಿಂದ ಕಟ್ಟಿದ್ದು. 1971ರಿಂದ ಅದರ ಕಟ್ಟಡಗಳನ್ನು ರೂಪಿಸಿದವರು ಲಾರಿ ಬೇಕರ್. ಬೇಕರ್ ಇಂಗ್ಲೆಂಡಿನಲ್ಲಿ 1917ರಲ್ಲಿ ಹುಟ್ಟಿ, ಭಾರತದ ಪ್ರಜೆಯಾಗಿ, 2007ರಲ್ಲಿ ತಿರುವನಂತಪುರದಲ್ಲೇ ತೀರಿಕೊಂಡರು. ಅವರ ಉಪಾಯಗಳು ಬಹಳ ಸರಳ.

ಮೊದಲನೆಯದು ಜಾಲಿ. ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಿದ ಗೋಡೆ. ಗಾಳಿ ಬರುತ್ತದೆ, ಬೆಳಕು ಬರುತ್ತದೆ, ಬಿಸಿಲಿನ ಝಳ ಮಾತ್ರ ಹೊರಗೇ ಉಳಿಯುತ್ತದೆ. ಕಿಟಕಿ, ಗಾಜು, ಚೌಕಟ್ಟಿನ ಖರ್ಚೂ ಉಳಿಯಿತು.

ಎರಡನೆಯದು ಇಲಿಬೋನಿನ ಗೋಡೆ. ಇಟ್ಟಿಗೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತಾರೆ. ಗೋಡೆಯ ಹೊಟ್ಟೆಯಲ್ಲಿ ಟೊಳ್ಳು ಉಳಿಯುತ್ತದೆ. ಸುಮಾರು ಕಾಲು ಭಾಗ ಇಟ್ಟಿಗೆ ಉಳಿತಾಯ. ಟೊಳ್ಳಿನಲ್ಲಿರುವ ಗಾಳಿ ಶಾಖವನ್ನು ಒಳಗೆ ಬಿಡುವುದಿಲ್ಲ.

ಮೂರನೆಯದರಲ್ಲಿ ನಮ್ಮವರ ಪಾಲೂ ಉಂಟು. ಕಾಂಕ್ರೀಟಿನ ತಾರಸಿಯಲ್ಲಿ ಕೆಳಗಿನ ಅರ್ಧ ಭಾಗದ ಕಾಂಕ್ರೀಟು ಹೆಚ್ಚು ಭಾರ ಹೊರುವುದಿಲ್ಲ. ಅಲ್ಲಿ ಮಂಗಳೂರು ಹಂಚು ಜೋಡಿಸಿದರೆ ಸಿಮೆಂಟೂ ಕಬ್ಬಿಣವೂ ಉಳಿಯುತ್ತವೆ, ತಾರಸಿ ಹಗುರವಾಗುತ್ತದೆ, ಸೆಕೆಯೂ ಕಡಿಮೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಕಾರ್ಖಾನೆ ತೆಗೆದು ಮಾಡಿಸಿದ ಹಂಚು, ತಿರುವನಂತಪುರದ ಕಾಂಕ್ರೀಟಿನೊಳಗೂ ಕೆಲಸಕ್ಕೆ ಬಂತು ನೋಡಿ!

“ಸರಿ ಮಾರಾಯ, ಕಂಪ್ಯೂಟರಿಗೆ ಧೂಳು ಆಗುವುದಿಲ್ಲವಲ್ಲ?” ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದೇ ಸಂಸ್ಥೆಯ ಕಂಪ್ಯೂಟರ್ ಕಟ್ಟಡಕ್ಕೆ ಬೇಕರ್ ಎರಡು ಗೋಡೆ ಕೊಟ್ಟರು. ಹೊರಗೆ ಜಾಲಿಯ ಗೋಡೆ, ಒಳಗೆ ಯಂತ್ರಗಳಿಗೆ ಬೇಕಾದ ಮುಚ್ಚಿದ ಕೋಣೆ, ಎರಡರ ನಡುವೆ ಜನ ಕೂರುವ ಕಚೇರಿ. ಅಂದರೆ ಏಸಿ ಬೇಡವೇ ಬೇಡ ಅಂತಲ್ಲ; ಎಲ್ಲಿ ಬೇಕೋ ಅಲ್ಲಿಗೆ ಮಾತ್ರ. ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಟೆರಿ ಸಂಸ್ಥೆಯ ಕಚೇರಿಯೂ ಇದೇ ಜಾತಿ. ದಕ್ಷಿಣಕ್ಕೆ ನಾರುವ ಚರಂಡಿ. ವಾಸ್ತುಶಿಲ್ಪಿ ಸಂಜಯ್ ಮೋಹೆ ಆ ಕಡೆ ಜೋಡಿ ಗೋಡೆ ಕಟ್ಟಿಸಿದರು. ನಡುವಿನ ಸಂದಿನಲ್ಲಿ ಬಿಸಿಲಿಗೆ ಕಾದ ಗಾಳಿ ಮೇಲೇರುವಾಗ, ಒಳಗಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ.

ಇಷ್ಟು ಸುಲಭ, ಇಷ್ಟು ಅಗ್ಗ. ಆದರೂ ಎಲ್ಲರೂ ಯಾಕೆ ಹೀಗೆ ಕಟ್ಟುವುದಿಲ್ಲ? ನನ್ನ ಪ್ರಕಾರ ಉತ್ತರ ಇರುವುದು ನಮ್ಮ ಕಾಮರ್ಸಿನಲ್ಲಿ. ಕಟ್ಟಿಸುವವನು ಒಬ್ಬ, ಬಾಡಿಗೆಗೆ ಹಿಡಿಯುವವನು ಇನ್ನೊಬ್ಬ, ಕೂರುವವನು ಮತ್ತೊಬ್ಬ. ಗಾಜು ಹಾಕಿದರೆ ಬಾಡಿಗೆ ಜಾಸ್ತಿ ಸಿಗುತ್ತದೆ, ಆ ಲಾಭ ಮಾಲಿಕನಿಗೆ. ಕರೆಂಟು ಬಿಲ್ಲು ಬಾಡಿಗೆದಾರನಿಗೆ. ತಲೆನೋವು ಗುಮಾಸ್ತನಿಗೆ. ಬಂಡವಾಳ ವೆಚ್ಚ ಒಬ್ಬನ ಪುಸ್ತಕದಲ್ಲಿ, ನಿತ್ಯದ ವೆಚ್ಚ ಇನ್ನೊಬ್ಬನ ಪುಸ್ತಕದಲ್ಲಿ. ಗುಮಾಸ್ತನ ಆರೋಗ್ಯ ಮಾತ್ರ ಯಾರ ಪುಸ್ತಕದಲ್ಲೂ ಇಲ್ಲ. ಉಳ್ಳೂರಿನಲ್ಲಿ ಕಟ್ಟಿಸಿದ ಸಂಸ್ಥೆಯೇ ಅದರೊಳಗೆ ಕೂತಿತು. ಅದಕ್ಕೇ ಲೆಕ್ಕ ಸರಿಯಾಗಿ ಬಂತು.

ಸಣ್ಣ ಲೆಕ್ಕ ಒಂದನ್ನು ನಾವೇ ಮಾಡೋಣ. ಹಳೆ ಫ್ಯಾನು ಸುಮಾರು 75 ವಾಟು ತಿನ್ನುತ್ತದೆ, ಹೊಸ ಬಿ.ಎಲ್.ಡಿ.ಸಿ. ಫ್ಯಾನು ಸುಮಾರು 30. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನ ಅಂದರೆ ಒಂದು ಫ್ಯಾನಿನಿಂದ 108 ಯೂನಿಟ್ ಉಳಿತಾಯ. ಒಂದೂವರೆ ಟನ್ನಿನ ಏಸಿ ಪೂರ್ತಿ ಓಡುವಾಗ ಸುಮಾರು 1500 ವಾಟು. ಅಂದರೆ ಐವತ್ತು ಫ್ಯಾನಿಗೆ ಸಮ!

ಬಾಡಿಗೆ ಕಟ್ಟಡವಾದರೂ ಒಳಗಡೆ ಮಾಡಬಹುದಾದದ್ದು ಸುಮಾರು ಇದೆ. ಮೇಜನ್ನು ಕಿಟಕಿಗೆ ಮುಖ ಮಾಡಿ ಇಡಬಾರದು, ಬೆನ್ನು ಮಾಡಿಯೂ ಇಡಬಾರದು. ಬೆಳಕು ಪಕ್ಕದಿಂದ ಬಂದರೆ ಕಂಪ್ಯೂಟರಿನ ಪರದೆ ಹೊಳೆಯುವುದಿಲ್ಲ, ಕಣ್ಣಿಗೂ ಹಿತ. ಪ್ರಿಂಟರನ್ನು ಜನರಿಂದ ದೂರ, ಗಾಳಿಯಾಡುವ ಮೂಲೆಯಲ್ಲಿಡಬೇಕು. ಹೊಸ ಪ್ಲೈವುಡ್ಡಿನ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ತಿಂಗಳುಗಟ್ಟಲೆ ಹೊರಬರುತ್ತದೆ. ಹಳೆ ಮರದ ಮೇಜು, ಬೆತ್ತದ ಕುರ್ಚಿ ಎಷ್ಟೋ ವಾಸಿ. ಏಸಿ ಇದ್ದರೆ 24 ಡಿಗ್ರಿಗಿಂತ ಕೆಳಗೆ ಬೇಡ, ಮಧ್ಯೆ ಮಧ್ಯೆ ಕಿಟಕಿ ತೆರೆಯಬೇಕು.

ವಿಳಿಂಜಂಗೆ ಇನ್ನೊಂದು ಎಚ್ಚರಿಕೆ: ಸಮುದ್ರದ ಉಪ್ಪುಗಾಳಿ. ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದರೆ ಉಬ್ಬಿ ತಾರಸಿಯನ್ನೇ ಬಿರಿಸುತ್ತದೆ. ಕಬ್ಬಿಣ ಕಡಿಮೆ ಇದ್ದಷ್ಟೂ ಒಳ್ಳೆಯದು. ಜೂನಿನ ಮಳೆ, ಅಕ್ಟೋಬರಿನ ಮಳೆ ಎರಡೂ ಇರುವುದರಿಂದ ನಾಲ್ಕೂ ಕಡೆ ಉದ್ದನೆಯ ಇಳಿಮಾಡು ಬೇಕು. ಜಾಲಿ ಇದ್ದರೆ ಸೊಳ್ಳೆಗೆ ಬಲೆಯೂ ಬೇಕು.

ಇದೆಲ್ಲ ಹೊಸ ವಿದ್ಯೆಯೇನಲ್ಲ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ತೆರೆದ ಚಾವಡಿ, ನಡುವೆ ಅಂಗಳ ಇರುವ ಮನೆಗಳಲ್ಲಿ ನಮ್ಮ ಅಜ್ಜಂದಿರು ಫ್ಯಾನಿಲ್ಲದೆ ಬದುಕಿದರು. ಮುಂದೆ ನಮ್ಮಲ್ಲೂ ಕೆಲವರು ಮ್ಯಾನೇಜರೋ ಆಡಿಟರೋ ಆಗುತ್ತೇವೆ, ಕಟ್ಟಡದ ನಕ್ಷೆ, ಬಾಡಿಗೆ ಕರಾರು ಸಹಿಗೆ ಮೇಜಿಗೆ ಬರುತ್ತವೆ. ಚದರಡಿಗೆ ಎಷ್ಟು ಅಂತ ಖಂಡಿತ ಕೇಳೋಣ. ಜೊತೆಗೆ, ಗಾಳಿ ಯಾವ ಕಡೆಯಿಂದ ಬರುತ್ತದೆ, ಒಳಗೆ ಕೂರುವವರು ಯಾರು ಅಂತಲೂ ಕೇಳಿ, ಆಮೇಲೆ ಸಹಿ ಹಾಕೋಣ.