ಟ್ರಂಕಿಂಗ್ ರೇಡಿಯೊವನ್ನು ಆಲಿಸುವ ಬಗೆ

ಧಾರವಾಡದ ಆಕಾಶವಾಣಿ ಕೇಂದ್ರವು ಆರಂಭವಾದದ್ದು 1950ರ ಜನವರಿ 8ರಂದು. ಅದರ ಮಧ್ಯಮ ತರಂಗದ ಪ್ರಸಾರವನ್ನು ಕೇಳುತ್ತ ಬೆಳೆದ ನವಲಗುಂದ, ಅಣ್ಣಿಗೇರಿಗಳ ಹಿರಿಯರಿಗೆ 765 ಕಿಲೋಹರ್ಟ್ಸ್ ಎಂದರೆ ಧಾರವಾಡ. ಮುಳ್ಳನ್ನು ಆ ಅಂಕದ ಮೇಲೆ ನಿಲ್ಲಿಸಿದರೆ ಕೆಲಸ ಮುಗಿಯಿತು. ಒಂದು ಕೇಂದ್ರಕ್ಕೆ ಒಂದು ಕಂಪನಾಂಕವೆಂಬ ಈ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಆದುದರಿಂದಲೇ ಟ್ರಂಕಿಂಗ್ ರೇಡಿಯೊವನ್ನು ಮೊದಲ ಸಲ ಆಲಿಸುವವನು ದಿಕ್ಕುಗೆಡುತ್ತಾನೆ. ಅಲ್ಲಿ ಪ್ರಶ್ನೆಯು ಒಂದು ಚಾನೆಲ್ಲಿನಲ್ಲಿ ಬಂದರೆ ಉತ್ತರವು ಇನ್ನೊಂದರಲ್ಲಿ ಬಂದೀತು.

ಹೀಗೇಕೆ ಮಾಡುತ್ತಾರೆ? ಒಂದು ಜಿಲ್ಲೆಯ ಅಗ್ನಿಶಾಮಕ ದಳ, ಆಂಬುಲೆನ್ಸ್, ವಿದ್ಯುತ್ ದುರಸ್ತಿಯವರು, ನೀರಾವರಿಯವರು ಮೊದಲಾಗಿ ಇಪ್ಪತ್ತು ಗುಂಪುಗಳಿಗೆ ಐದೇ ಚಾನೆಲ್‌ಗಳಿವೆಯೆಂದು ಕಲ್ಪಿಸಿಕೊಳ್ಳೋಣ. ಪ್ರತಿಯೊಂದು ಗುಂಪೂ ತಾಸಿಗೆ 3 ನಿಮಿಷ ಮಾತನಾಡುತ್ತದೆ. ನಾಲ್ಕು ನಾಲ್ಕು ಗುಂಪುಗಳಿಗೆ ಒಂದೊಂದು ಚಾನೆಲ್ಲನ್ನು ಹಂಚಿಕೊಟ್ಟರೆ, ಸುಮಾರು ಆರು ಕರೆಗಳಲ್ಲಿ ಒಂದಕ್ಕೆ ಚಾನೆಲ್ ಬಿಡುವಿರುವುದಿಲ್ಲ. ಆ ಗಳಿಗೆಯಲ್ಲಿ ಪಕ್ಕದ ಚಾನೆಲ್ ಬರಿದೆ ಇದ್ದರೂ ಅದು ಪರರ ಪಾಲಿನದು. ಓಣಿಗೊಂದರಂತೆ ಬಾವಿಯ ಗಡಗಡೆಗಳನ್ನು ಹಂಚಿಕೊಂಡ ಊರಿನಲ್ಲಿ, ಒಂದು ಗಡಗಡೆಯ ಮುಂದೆ ಕೊಡಗಳ ಸಾಲು, ಇನ್ನೊಂದರ ಮುಂದೆ ಯಾರೂ ಇಲ್ಲ ಎಂಬಂತೆ. ಅವೇ ಐದು ಚಾನೆಲ್‌ಗಳನ್ನು ಎಲ್ಲರಿಗೂ ಸಾಮಾನ್ಯವೆಂದು ಬಿಟ್ಟುಕೊಟ್ಟು, ಬಿಡುವಿರುವುದನ್ನು ಕರೆದವರಿಗೆ ಕೊಡುತ್ತ ಹೋದರೆ, ಸಾವಿರ ಕರೆಗಳಲ್ಲಿ ಸುಮಾರು ಮೂರಕ್ಕೆ ಮಾತ್ರ ತಡೆಯುಂಟಾಗುತ್ತದೆ! ಡೆನ್ಮಾರ್ಕಿನ ಅಗ್ನರ್ ಎರ್ಲಾಂಗನು ದೂರವಾಣಿ ತಂತಿಗಳಿಗಾಗಿ 1917ರಲ್ಲಿ ಪ್ರಕಟಿಸಿದ ಸೂತ್ರದಿಂದ ಈ ಅಂಕಗಳು ದೊರೆಯುತ್ತವೆ. ಟ್ರಂಕ್ ಕಾಲ್ ಹಚ್ಚಿ ತಾಸುಗಟ್ಟಲೆ ಕಾದ ತಲೆಮಾರಿಗೆ ಟ್ರಂಕಿಂಗ್ ಎಂಬ ಹೆಸರೂ ಹೊಸದಲ್ಲ.

ಹಂಚುವ ಕೆಲಸವನ್ನು ಒಂದು ಗಣಕಯಂತ್ರವು ನೋಡಿಕೊಳ್ಳುತ್ತದೆ. ಅದು ಆರನೆಯದೊಂದು ಚಾನೆಲ್ಲಿನ ಮೂಲಕ, ಇಂಥ ಸಂಖ್ಯೆಯ ಗುಂಪು ಈಗ ಇಂಥ ಚಾನೆಲ್ಲಿಗೆ ಹೋಗಲಿ ಎಂದು ಎಡೆಬಿಡದೆ ಸಾರುತ್ತಿರುತ್ತದೆ. ಇದೇ ನಿಯಂತ್ರಣ ಚಾನೆಲ್. ಆಯಾ ಗುಂಪಿನ ಯಂತ್ರಗಳೆಲ್ಲ ಆ ಆಜ್ಞೆಯನ್ನು ಕೇಳಿ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಅಲ್ಲಿಗೆ ಸರಿಯುತ್ತವೆ. ಇಂಥ ವ್ಯವಸ್ಥೆಯಲ್ಲಿ ಮಾತಿನ ವಿಳಾಸವು ಕಂಪನಾಂಕವಲ್ಲ, ಗುಂಪಿನ ಸಂಖ್ಯೆ.

ಈಗ ಸ್ಕ್ಯಾನರಿನ ವಿಚಾರಕ್ಕೆ ಬರೋಣ. ಸ್ಕ್ಯಾನರ್ ಎಂದರೆ ಒಂದಾದ ಮೇಲೊಂದು ಚಾನೆಲ್ಲನ್ನು ತಡಕುತ್ತ, ಮಾತು ಕೇಳಿಬಂದಲ್ಲಿ ನಿಲ್ಲುವ ಗ್ರಾಹಕಯಂತ್ರ. (ನಮ್ಮ ದೇಶದಲ್ಲಿ ಪೊಲೀಸ್ ಮುಂತಾದವರ ಸಂಭಾಷಣೆಯನ್ನು ಅನುಮತಿಯಿಲ್ಲದೆ ಆಲಿಸುವುದು ಕಾನೂನಿಗೆ ವಿರುದ್ಧವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು, ಆಸಕ್ತರು ಹವ್ಯಾಸಿ ರೇಡಿಯೊ ಪರವಾನಗಿಯನ್ನು ಪಡೆಯಲಿ. ಆದರೆ ಅಧಿಕೃತ ಸಿಬ್ಬಂದಿಯ ಕೈಯಲ್ಲಿನ ಯಂತ್ರಗಳೂ ಹೀಗೆಯೇ ತಡಕುತ್ತವೆ.) ಸೆಕೆಂಡಿಗೆ 50 ಚಾನೆಲ್ ತಡಕುವ ಯಂತ್ರವು 100 ಮೌನ ಚಾನೆಲ್‌ಗಳನ್ನು 2 ಸೆಕೆಂಡಿನಲ್ಲಿ ದಾಟುತ್ತದೆ. ಅವುಗಳಲ್ಲಿ ಐದರಲ್ಲಿ ಮಾತು ನಡೆದಿದ್ದು, ಒಂದೊಂದರಲ್ಲಿಯೂ 8 ಸೆಕೆಂಡು ನಿಲ್ಲಬೇಕಾಯಿತೆನ್ನಿ. ಸುತ್ತು ಮುಗಿಯಲು 42 ಸೆಕೆಂಡು ಬೇಕು. ಅಷ್ಟರಲ್ಲಿ ಬೇರೆಡೆ ನಾಲ್ಕು ಸೆಕೆಂಡಿನ ಒಂದು ಮೊರೆ ಎದ್ದು ಅಡಗಿಹೋಗಬಹುದು. ಕಾಲವನ್ನು ನುಂಗುವುದು ಪಟ್ಟಿಯ ಉದ್ದವಲ್ಲ, ಅದರಲ್ಲಿನ ವಾಚಾಳಿಗಳು.

ಟ್ರಂಕಿಂಗ್‌ನಲ್ಲಿ ಈ ಮಾತು ಇನ್ನೂ ನಿಜ. ಅಲ್ಲಿ ಯಂತ್ರವು ನಿಯಂತ್ರಣ ಚಾನೆಲ್ಲಿಗೆ ಕಿವಿಗೊಟ್ಟಿದ್ದು, ಸಾರಲಾದ ಸಂಖ್ಯೆಯು ತನ್ನ ಪಟ್ಟಿಯಲ್ಲಿದೆಯೇ ಎಂದು ನೋಡುತ್ತದೆ, ಅಷ್ಟೆ. ವರ್ಷಕ್ಕೊಮ್ಮೆ ಮಾತನಾಡುವ ಗುಂಪನ್ನು ಪಟ್ಟಿಯಲ್ಲಿಟ್ಟುಕೊಳ್ಳಲು ಏನೂ ವೆಚ್ಚವಿಲ್ಲ. ದಿನವಿಡೀ ಗಾಡಿಗಳ ಹಾಜರಿ ಕೇಳುವ ಗುಂಪೊಂದನ್ನು ಸೇರಿಸಿದಿರೋ, ಉಳಿದವೆಲ್ಲ ಅದರ ಹಿಂದೆ ಕಾಯಬೇಕು. ಆದಕಾರಣ ಇಲಾಖೆಗಳ ಹೆಸರು ಹಿಡಿದು ಪಟ್ಟಿ ಮಾಡುವ ರೂಢಿಯು ನಮಗೆ ಅಷ್ಟಾಗಿ ಒಪ್ಪಿಗೆಯಾಗದು. ಗದ್ದಲದ ಗುಂಪುಗಳಿಗೆ ಒಂದು ಪ್ರತ್ಯೇಕ ಪಟ್ಟಿಯಿರಲಿ, ಬೇಡವಾದಾಗ ಒಂದು ಗುಂಡಿಯಿಂದ ಅದನ್ನು ಮುಚ್ಚಿಡಬಹುದು. ಅಪರೂಪಕ್ಕೆ ಮಾತನಾಡಿದರೂ ಜೀವದ ಪ್ರಶ್ನೆಯಾಗುವ ಒಂದೆರಡು ಗುಂಪುಗಳಿಗೆ ಆದ್ಯತೆ ಕೊಡಬೇಕು; ಆಗ ಯಂತ್ರವು ಬೇರೆ ಮಾತನ್ನು ನಡುವೆಯೇ ತೊರೆದು ಅತ್ತ ಸರಿಯುತ್ತದೆ. ಗೂಢಲಿಪಿಯಿಂದ ಮುಚ್ಚಿದ ಗುಂಪುಗಳನ್ನು ಸುಮ್ಮನೆ ತೆಗೆದುಹಾಕುವುದೇ ಲೇಸು.

2019ರ ಆಗಸ್ಟ್ ತಿಂಗಳಲ್ಲಿ ಬೆಣ್ಣೆಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ನವಲಗುಂದ ತಾಲೂಕಿನ ಹಳ್ಳಿಗಳನ್ನು ಮುತ್ತಿದವು. ಅಂಥ ದಿನ ಒಬ್ಬೊಬ್ಬರ ಮಾತೂ ಐದು ಪಟ್ಟಾದರೆ, ಎಂದರೆ ತಾಸಿಗೆ 15 ನಿಮಿಷವಾದರೆ, ತಡೆಯು ಐದು ಪಟ್ಟಾಗುವುದಿಲ್ಲ. ಸಾವಿರಕ್ಕೆ 3 ಇದ್ದದ್ದು ಸುಮಾರು 285ಕ್ಕೆ ಏರುತ್ತದೆ. ಸಾಮಾನ್ಯ ದಿನ ಸುಖವಾಗಿ ಸಾಗಿದ ವ್ಯವಸ್ಥೆಯು ವಿಪತ್ತಿನ ದಿನ ಒಮ್ಮೆಲೇ ಕಟ್ಟಿಕೊಳ್ಳುವುದು ಹೀಗೆ.

ಆ ದಿನಕ್ಕಾಗಿ ನವಲಗುಂದದ ಪಟ್ಟಿಯಲ್ಲಿ ಯಾವ ಗುಂಪುಗಳಿರಬೇಕು? ಊರಿನವು ಮಾತ್ರ ಸಾಲವು. ಬೆಣ್ಣೆಹಳ್ಳವು ಕುಂದಗೋಳದ ಕಡೆಯಿಂದ ಹರಿದುಬಂದು ಮುಂದೆ ಮಲಪ್ರಭೆಯನ್ನು ಸೇರುತ್ತದೆ. ಆದುದರಿಂದ ಕುಂದಗೋಳದ ಇಂದಿನ ಮಾತೇ ನವಲಗುಂದದ ನಾಳಿನ ಸುದ್ದಿ. ಮೇಲ್ದಂಡೆಯ ಗುಂಪಿನ ಸಂಖ್ಯೆಯು ಕೆಳದಂಡೆಯವರ ಪಟ್ಟಿಯಲ್ಲಿ ಆದ್ಯತೆಯೊಡನೆ ಇರತಕ್ಕದ್ದು. ಇಲ್ಲಿ ಒಂದು ತೊಡಕುಂಟು. ಎತ್ತರದ ಅತಿ ಉಚ್ಚ ಕಂಪನಾಂಕದ ಅಲೆಗಳು ಹೆಚ್ಚುಕಡಿಮೆ ದೃಷ್ಟಿರೇಖೆಯಲ್ಲಿಯೇ ಸಾಗುವುದರಿಂದ, 30 ಮೀಟರ್ ಎತ್ತರದ ಕಂಬದ ಮಾತು ಕೈಯಲ್ಲಿ ಹಿಡಿದ ಯಂತ್ರಕ್ಕೆ ಬಯಲುಸೀಮೆಯಲ್ಲಿಯೂ ಸುಮಾರು 27 ಕಿಲೋಮೀಟರಿನಾಚೆ ತಲುಪುವುದು ಕಷ್ಟ. ಕಲಘಟಗಿಯ ಗುಡ್ಡಗಳ ನಡುವೆ ಇನ್ನೂ ಕಡಿಮೆ. ಆದಕಾರಣ ಜಿಲ್ಲೆಯಲ್ಲಿ ಹಲವು ಕಂಬಗಳು ಬೇಕಾಗುತ್ತವೆ. ಒಂದು ಗುಂಪಿನ ಯಂತ್ರವು ಯಾವ ಕಂಬದ ಬಳಿ ಹೆಸರು ನೋಂದಾಯಿಸಿದೆಯೋ ಆ ಕಂಬಕ್ಕೆ ಮಾತ್ರ ಆ ಗುಂಪಿನ ಮಾತನ್ನು ಸಾಮಾನ್ಯವಾಗಿ ಕಳುಹಿಸಲಾಗುತ್ತದೆ. ಚಾನೆಲ್ ಉಳಿಸಲು ಇದು ಅವಶ್ಯವೂ ಹೌದು. ತಡಕುವ ಪಟ್ಟಿಯಲ್ಲಿ ಸಂಖ್ಯೆಯನ್ನು ಬರೆದುಕೊಂಡ ಮಾತ್ರಕ್ಕೆ ನೋಂದಣಿಯಾಗದು. ನವಲಗುಂದದ ಸಿಬ್ಬಂದಿಯಲ್ಲಿ ಒಬ್ಬರಾದರೂ ಮಳೆಗಾಲದ ರಾತ್ರಿ ತಮ್ಮ ಯಂತ್ರದ ಗುಬ್ಬಿಯನ್ನು ತಿರುಗಿಸಿ ಕುಂದಗೋಳದ ಗುಂಪಿನ ಮೇಲೆಯೇ ಇಟ್ಟಿರಬೇಕು. ಆಗ ಆ ಮಾತು ನವಲಗುಂದದ ಕಂಬದವರೆಗೆ ಬರುತ್ತದೆ, ಉಳಿದವರ ಪಟ್ಟಿಗಳಿಗೂ ಸಿಗುತ್ತದೆ.